ಕಲೆ ಯಾವ ಕಡೆಗಿದೆ?

ಲೋಕದಲ್ಲಿ ಬಣ್ಣ ಬಳಿಸಿಕೊಳ್ಳುವ ವಸ್ತುಗಳೆಲ್ಲ ಹೊರಗಿನಿಂದಲೇ ಬಳಿಸಿಕೊಳ್ಳುತ್ತವೆ. ಗೋಡೆ, ಗೇಟು, ಸಂಕ್ರಾಂತಿಯ ಎತ್ತಿನ ಕೊಂಬು, ಚೌತಿಯ ಗಣಪನ ಹೊಟ್ಟೆ, ಯಾವುದೂ ಈ ಕಟ್ಟಳೆ ಮೀರಿದ್ದಲ್ಲ. ರಿಮೋಟ್ ಹಿಡಿದು ಓಡಿಸುವ ಪುಟ್ಟ ಕಾರಿನ ಬಾಡಿಗೆ ಮಾತ್ರ ಒಳಗಿನಿಂದ ಬಣ್ಣ. ಬಾಡಿ ಎಂದರೆ ಇಲ್ಲಿ ಒಂದು ಮಿಲಿಮೀಟರ್ ಆಸುಪಾಸಿನ ದಪ್ಪದ, ನೀರಿನಷ್ಟು ತಿಳಿಯಾದ ಪ್ಲಾಸ್ಟಿಕ್ ಚಿಪ್ಪು. ಹಾಳೆಯನ್ನು ಕಾಯಿಸಿ, ಅಚ್ಚಿನ ಮೇಲೆ ಹಾಸಿ, ಕೆಳಗಿನಿಂದ ಗಾಳಿ ಹೀರಿಬಿಟ್ಟರೆ ಕಾರಿನ ಆಕಾರ ಮೂಡುತ್ತದೆ. ಅದನ್ನು ಬೋರಲು ಹಾಕಿದ ದೋಣಿಯನ್ನು ಎತ್ತಿದಂತೆ ಮಗುಚಿ ಹಿಡಿದು, ಒಳಹೊಟ್ಟೆಗೆ ಸ್ಪ್ರೇ ಹೊಡೆಯಬೇಕು. ಹೊರಮೈ ಪ್ಲಾಸ್ಟಿಕ್ಕಿನದೇ ಆದ್ದರಿಂದ ಕಾರು ಕಲ್ಲಿಗೆ ಉಜ್ಜಿದರೂ ಗೋಡೆಗೆ ಗುದ್ದಿದರೂ ಬಣ್ಣಕ್ಕೆ ಏನೂ ಆಗುವುದಿಲ್ಲ. ಹೊಳಪೂ ಪುಕ್ಕಟೆ. ಮೇಲೆ ವಾರ್ನಿಷ್ ಬೇಡ, ಪಾಲಿಶ್ ಬೇಡ.

ಇದರ ತಲೆನೋವು ಎಂದರೆ ಎಲ್ಲವನ್ನೂ ಹಿಂದುಮುಂದಾಗಿ ಯೋಚಿಸಬೇಕು. ಹೊರಗಿನಿಂದ ಬಣ್ಣ ಬಳಿಯುವವನು ಮೊದಲು ಹಿನ್ನೆಲೆ ಹಚ್ಚಿ ಕೊನೆಗೆ ಪಟ್ಟೆ ಎಳೆಯುತ್ತಾನೆ. ಇಲ್ಲಿ ಪಟ್ಟೆ ಮೊದಲು, ಹಿನ್ನೆಲೆ ಆಮೇಲೆ. ಕಡು ಬಣ್ಣ ಮುಂಚೆ, ತಿಳಿ ಬಣ್ಣ ನಂತರ, ಎಲ್ಲದರ ಬೆನ್ನಿಗೆ ಬಿಳಿಯದೋ ಬೆಳ್ಳಿಯದೋ ಒಂದು ಕೋಟ್. ಹಳೆಯ ಮೈಸೂರಿನ, ತಂಜಾವೂರಿನ ಗಾಜಿನ ಚಿತ್ರಗಳನ್ನು ನೋಡಿದವರಿಗೆ ಈ ವರಸೆ ಹೊಸದಲ್ಲ. ಅಲ್ಲಿಯೂ ಕಲಾವಿದ ಗಾಜಿನ ಹಿಂಬದಿಗೆ ಮೊದಲು ಕಣ್ಣಿನ ಗೊಂಬೆ, ಮೂಗುತಿಯ ಮುತ್ತು, ಸೆರಗಿನ ಅಂಚು ಬರೆದು, ಮುಖದ ಬಣ್ಣವನ್ನು ಆಮೇಲೆ ತುಂಬುತ್ತಿದ್ದ. ಕೃಷ್ಣನ ಕಣ್ಣು ಬರೆಯುವಾಗ ಕೃಷ್ಣ ಇನ್ನೂ ಇರುವುದೇ ಇಲ್ಲ. ಗಾಜಿನ ಚಿತ್ರಕ್ಕೆ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದರೆ ಮುಗಿಯಿತು. ನಮ್ಮದನ್ನು ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಚರಂಡಿ ಕಲ್ಲಿಗೆ ಗುದ್ದಿಸುವುದಿರುತ್ತದೆ.

ಗುದ್ದಿದರೂ ಒಡೆಯದ ಈ ಪ್ಲಾಸ್ಟಿಕ್ಕಿನ ಹೆಸರು ಪಾಲಿಕಾರ್ಬೊನೇಟ್. ಆರ್‌ಸಿ ಎಂಬ ಈ ರಿಮೋಟ್ ಕಾರುಗಳ ಬಳಗದವರ ಬಾಯಲ್ಲಿ ಅದು ಬರೀ ಲೆಕ್ಸಾನ್. 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲಿ ಹರ್ಮನ್ ಶ್ನೆಲ್, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಡೇನಿಯಲ್ ಫಾಕ್ಸ್, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಇದನ್ನು ಮಾಡಿಬಿಟ್ಟರು. ಬೇಯರ್ ಅದಕ್ಕೆ ಮ್ಯಾಕ್ರೊಲಾನ್ ಎಂದು ಹೆಸರಿಟ್ಟಿತು, ಜನರಲ್ ಎಲೆಕ್ಟ್ರಿಕ್ ಲೆಕ್ಸಾನ್ ಎಂದಿತು. ಫಾಕ್ಸ್ ಹುಡುಕುತ್ತಿದ್ದುದು ವಿದ್ಯುತ್ ತಂತಿಗೆ ಹೊದಿಸುವ ಒಂದು ಲೇಪ. ಫ್ಲಾಸ್ಕಿನಲ್ಲಿ ಕಲಕುತ್ತಿದ್ದಂತೆ ಪಾಕ ಗಟ್ಟಿಯಾಗಿ, ಕಲಕುವ ಕೋಲನ್ನೇ ಹಿಡಿದುಕೊಂಡು ಕೂತಿತು. ಗಾಜು ಒಡೆದು ಹೊರತೆಗೆದರೆ ಕೋಲಿನ ತುದಿಯಲ್ಲೊಂದು ಮುದ್ದೆ. ಆ ಮುದ್ದೆಯನ್ನು ಒಡೆಯಲು ಆಗದೆ, ಪ್ರಯೋಗಾಲಯದವರು ಅದರಿಂದಲೇ ಮೊಳೆ ಹೊಡೆದು ನೋಡಿದರಂತೆ. ಮುಂದೆ ಅಪೊಲೊ ಗಗನಯಾತ್ರಿಗಳ ತಲೆಯ ಮೇಲಿನ ಬುರುಡೆ ಹೆಲ್ಮೆಟ್ಟೂ ಇದರದ್ದೇ ಆಯಿತು. 2007ರಲ್ಲಿ ಜನರಲ್ ಎಲೆಕ್ಟ್ರಿಕ್ ತನ್ನ ಪ್ಲಾಸ್ಟಿಕ್ ವ್ಯವಹಾರವನ್ನು ಸೌದಿ ಅರೇಬಿಯಾದ ಸಾಬಿಕ್ ಕಂಪನಿಗೆ ಮಾರಿತು. ಅದರ ಸಂಶೋಧನಾ ಕೇಂದ್ರವೊಂದು ನಮ್ಮ ಬೆಂಗಳೂರಿನ ಹೊರವಲಯದಲ್ಲೇ ಇದೆ. ಚಂದ್ರನವರೆಗೆ ಹೋಗಿಬಂದ ಪ್ಲಾಸ್ಟಿಕ್ಕು ನಮ್ಮ ತಾರಸಿಯಲ್ಲಿ ಬೂದುಬಣ್ಣದ ತುಂತುರು ಮೆತ್ತಿಸಿಕೊಂಡು ಕೂತಿರುತ್ತದೆ.

ಆ ತುಂತುರಿಗೇ ಓವರ್‌ಸ್ಪ್ರೇ ಎನ್ನುವುದು. ಸ್ಪ್ರೇ ಡಬ್ಬಿಯ ಮೂತಿಯಿಂದ ಹೊರಟ ಬಣ್ಣವೆಲ್ಲ ಗುರಿಗೇ ಬೀಳಬೇಕೆಂದೇನಿಲ್ಲ. ಕೆಲವು ಹನಿಗಳು ಒಳಮೈಗೆ ಬಡಿದು ಕೂರುತ್ತವೆ, ಕೆಲವು ಅಲ್ಲಿಂದ ಪುಟಿದು ಅಂಚು ಬಳಸಿ ಹೊರಬರುತ್ತವೆ, ಇನ್ನು ಕೆಲವು ಗಾಳಿಯ ಜೊತೆ ಪಕ್ಕದ ಮನೆಯ ಸೀರೆ ಒಣಗುವಲ್ಲಿಗೆ ಹೋಗುತ್ತವೆ. (ಆ ಕೊನೆಯ ಬಗೆಯದ್ದನ್ನು ತೆಗೆಯುವ ವಿದ್ಯೆ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.) ಒಳ್ಳೆಯ ಬಾಡಿಗಳಿಗೆ ಕಾರ್ಖಾನೆಯವರೇ ಹೊರಮೈಗೆ ತೆಳ್ಳನೆಯ ಫಿಲ್ಮ್ ಅಂಟಿಸಿ ಕಳಿಸುತ್ತಾರೆ. ಮೆತ್ತುವುದೆಲ್ಲ ಅದರ ಮೇಲೆ ಮೆತ್ತುತ್ತದೆ. ಬಣ್ಣ ಒಣಗಿದ ಮೇಲೆ ಒಂದು ಮೂಲೆಯಿಂದ ಅದನ್ನು ಎತ್ತಿ ಸರ್ರನೆ ಎಳೆದರೆ, ಮಂಕಾದ ಪೊರೆ ಹೋಗಿ ಅಡಿಯಿಂದ ಅಂಗಡಿಯ ಗಾಜಿನ ಹಿಂದಿನ ಕಾರಿನಂಥ ಹೊಳಪು ಎದ್ದು ಬರುತ್ತದೆ. ಈ ಹವ್ಯಾಸದಲ್ಲಿ ಇದಕ್ಕಿಂತ ದೊಡ್ಡ ಸುಖ ಇಲ್ಲ. ನಮ್ಮಲ್ಲಿ ಕೆಲವರು ಮನೆಮಂದಿಯನ್ನೆಲ್ಲ ಕರೆದು ಕೂರಿಸಿಕೊಂಡು ಫಿಲ್ಮ್ ಎಳೆಯುತ್ತಾರೆ. ನಾನು ಯಾರೂ ಇಲ್ಲದ ಹೊತ್ತು ನೋಡಿ ಎಳೆಯುತ್ತೇನೆ.

ಫಿಲ್ಮ್ ಇದ್ದರೂ ಬಣ್ಣಕ್ಕೆ ಹಾದಿಗಳಿವೆ. ಬಾಡಿಯನ್ನು ಚಾಸಿಗೆ ಕೂರಿಸಲು ಬಾನೆಟ್ಟಿನಲ್ಲಿ, ಡಿಕ್ಕಿಯ ಮೇಲೆ ತೂತು ಬೇಕು. ಆ ತೂತುಗಳನ್ನು ಬಣ್ಣಕ್ಕೆ ಮುಂಚೆಯೇ ಕೊರೆದರೆ ತುಂತುರು ಅಲ್ಲಿಂದ ನುಗ್ಗಿ, ಫಿಲ್ಮಿನ ಅಂಚನ್ನು ಎತ್ತಿ, ತೂತಿನ ಸುತ್ತ ಒಂದು ಬಳೆಯನ್ನು ಬರೆದು ಹೋಗುತ್ತದೆ. ಚಕ್ರದ ಕಮಾನುಗಳನ್ನು ಮೊದಲೇ ಕತ್ತರಿಸಿದರೂ ಇದೇ ಕತೆ. ಅಗ್ಗದ ಬಾಡಿಗಳಲ್ಲಿ ಫಿಲ್ಮೇ ಇರುವುದಿಲ್ಲ. ಹಪ್ಪಳ ಮುಚ್ಚಿಡುವ ಕ್ಲಿಂಗ್ ಫಿಲ್ಮನ್ನೋ ಹಳೆಯ ಪತ್ರಿಕೆಯನ್ನೋ ಸುತ್ತಿ, ಸುತ್ತ ಟೇಪು ಹಚ್ಚಿ, ದೇವರ ಮೇಲೆ ಭಾರ ಹಾಕಬೇಕು.

ಇಷ್ಟಾದ ಮೇಲೆ ಬಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ಮುಂಗಾಜಿನ ಮೂಲೆಯಲ್ಲಿ ಒಂದು ಕಲೆ. ಸಾಸಿವೆಯಷ್ಟು, ಕೆಂಪಗೆ. ಉಗುರಿನಿಂದ ಕೆರೆದರೆ ಕದಲುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸುತ್ತಲ ಜಾಗವೆಲ್ಲ ಸ್ವಚ್ಛವಾಗಿ ಕಲೆ ಇನ್ನಷ್ಟು ಎದ್ದು ಕಾಣುತ್ತದೆ. ಮತ್ತೂ ಕೆರೆದು ಕೆರೆದು ಬೆರಳು ನೋವು ಬರುವ ಹೊತ್ತಿಗೆ ತಲೆಗೆ ಹೊಳೆಯುತ್ತದೆ, ಅದು ಇರುವುದು ಒಳಗಡೆ. ಪಾರದರ್ಶಕ ವಸ್ತುವಿನ ದೊಡ್ಡ ತಮಾಷೆಯೇ ಇದು. ಮಣ್ಣಿನ ಮಡಕೆಯ ಮೇಲಿನ ಕಲೆ ಹೊರಗಿದ್ದರೆ ಹೊರಗೆ, ಒಳಗಿದ್ದರೆ ಕಾಣುವುದೇ ಇಲ್ಲ. ಇಲ್ಲಿ ಎಲ್ಲಿದ್ದರೂ ಕಾಣುತ್ತದೆ, ಎಲ್ಲಿದೆ ಎಂಬುದು ಮಾತ್ರ ಕಾಣುವುದಿಲ್ಲ. ಒಂದು ಮಿಲಿಮೀಟರ್ ಅಂತರವನ್ನು ಕಣ್ಣು ಅಳೆಯಲಾರದು. ನಾನು ಮಾಡುವುದಿಷ್ಟು: ಹೊರಗಿನಿಂದ ಬಾಯಿಬಿಟ್ಟು ಬಿಸಿಯುಸಿರು ಊದುತ್ತೇನೆ. ಪ್ಲಾಸ್ಟಿಕ್ಕಿನ ಮೇಲೆ ಮಂಜು ಕವಿಯುತ್ತದೆ. ಕಲೆ ಒಳಗಿದ್ದರೆ ಮಂಜು ಅದರ ಮೇಲೂ ಸಮನಾಗಿ ಹಾಸಿಕೊಳ್ಳುತ್ತದೆ. ಹೊರಗಿದ್ದರೆ ಆ ಸಾಸಿವೆ ಮಂಜಿನ ಮಧ್ಯೆ ಒಂದು ಗುಳಿಯ ಹಾಗೆ ಬೇರೆಯಾಗಿ ನಿಲ್ಲುತ್ತದೆ. ಎರಡು ಕ್ಷಣದಲ್ಲಿ ಮಂಜು ಆರುವುದರೊಳಗೆ ತೀರ್ಮಾನ ಆಗಿಬಿಡಬೇಕು. ಪಕ್ಕದ ಮನೆಯ ಮಗು ‘ಅವರು ಕಾರಿಗೆ ಮುತ್ತು ಕೊಡುತ್ತಿದ್ದಾರೆ’ ಎಂದು ತನ್ನ ಅಮ್ಮನಿಗೆ ವರದಿ ಮಾಡಿದ್ದು ಈ ಪರೀಕ್ಷೆಯ ಕಾಲದಲ್ಲಿ.

ಹೊರಗಿನದು ಎಂದು ಖಾತ್ರಿಯಾದರೆ ಅರ್ಧ ಗೆದ್ದ ಹಾಗೆ. ಏಕೆಂದರೆ ಓವರ್‌ಸ್ಪ್ರೇ ಬಹುಪಾಲು ಸೋಮಾರಿ ಬಣ್ಣ. ಪಾಲಿಕಾರ್ಬೊನೇಟಿಗೆಂದೇ ಮಾಡಿದ ಬಣ್ಣಗಳಿವೆ. ಜಪಾನಿನ ಶಿಝುವೊಕ ನಗರದ ಟಮಿಯಾ ಕಂಪನಿಯ ಪಿಎಸ್ ಸಾಲಿನ ಡಬ್ಬಿಗಳು ಲೋಕಪ್ರಸಿದ್ಧ. ಇವುಗಳಲ್ಲಿನ ದ್ರಾವಕ ಪ್ಲಾಸ್ಟಿಕ್ಕಿನ ಮೇಲ್ಪದರವನ್ನು ಕೂದಲೆಳೆಯಷ್ಟು ಮೆತ್ತಗೆ ಮಾಡಿ, ಬಣ್ಣವನ್ನು ಅದರೊಳಕ್ಕೆ ಕಚ್ಚಿಸುತ್ತದೆ. ಅದಕ್ಕೇ ಬಾಡಿ ಬಾಗಿದರೂ ಬಣ್ಣ ಉದುರುವುದಿಲ್ಲ. ಅದೇ ಕಂಪನಿಯ ಟಿಎಸ್ ಡಬ್ಬಿ ಗಟ್ಟಿ ಪ್ಲಾಸ್ಟಿಕ್ಕಿನ ಮಾದರಿಗಳಿಗೆ. ಅದನ್ನು ಇಲ್ಲಿಗೆ ತಂದು ಹೊಡೆದರೆ ಮೊದಲ ಡಿಕ್ಕಿಗೇ ಹಪ್ಪಳದ ಚೂರಿನಂತೆ ಎದ್ದು ಬರುತ್ತದೆ. ಆದರೆ ಕಚ್ಚಬೇಕಾದರೆ ಹನಿ ಹಸಿಯಾಗಿ ಬಂದು ಬೀಳಬೇಕು. ಸುತ್ತುಬಳಸಿ ಹೊರಮೈಗೆ ಬರುವ ತುಂತುರು ದಾರಿಯಲ್ಲೇ ಗಾಳಿಗೆ ಒಣಗಿ, ಮುಕ್ಕಾಲು ಪುಡಿಯಾಗಿ ಬಂದು ಕೂತಿರುತ್ತದೆ. ಕಚ್ಚುವ ಹಲ್ಲು ಅದಕ್ಕಿಲ್ಲ. ಬೆರಳಾಡಿಸಿದರೆ ಸಣ್ಣ ಮರಳಿನ ಹಾಗೆ ತರಿತರಿ ಸಿಗುತ್ತದೆ. ಅದೇ ಫಿಲ್ಮಿನ ಕೆಳಗೆ ಹಸಿಯಾಗಿ ಹರಿದುಬಂದ ಬಣ್ಣವಾದರೆ ಬೇರೆ ಮಾತು. ಅದು ಒಳಗಿನದರಷ್ಟೇ ಹಟಮಾರಿ.

ಈ ತರಿಯನ್ನು ತೆಗೆಯುವುದು ಹೇಗೆ ಎಂದು ಕೇಳಿದರೆ ಬೆಂಗಳೂರಿನಲ್ಲಿ ಯಾರಾದರೂ ಒಂದೇ ಉತ್ತರ ಕೊಡುತ್ತಾರೆ, ‘ತಿನ್ನರ್ ಹಾಕಿ.’ ಹಾರ್ಡ್‌ವೇರ್ ಅಂಗಡಿಯವನಿಗಂತೂ ತಿನ್ನರ್ ಎಂದರೆ ಗಂಗಾಜಲ. ‘ಎನ್‌ಸಿ ಕೊಡಲಾ, ಟರ್ಪಂಟೈನ್ ಕೊಡಲಾ?’ ಎಂದು ಕೇಳುವಾಗಲೇ ಅವನ ಕೈ ಎನ್‌ಸಿ ಡಬ್ಬಿಯ ಮೇಲಿರುತ್ತದೆ. ಮನೆಯಲ್ಲಿ ಕೇಳಿದರೆ ಉಗುರು ಬಣ್ಣ ಅಳಿಸುವ ಬಾಟಲಿ ಮುಂದಕ್ಕೆ ಬರುತ್ತದೆ. ಎರಡೂ ಬಣ್ಣವನ್ನು ತೆಗೆಯುತ್ತವೆ, ಅನುಮಾನವಿಲ್ಲ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ. ಉಗುರಿನ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು ಅಸಿಟೋನ್. ಅದು ತಗುಲಿದ ಕಡೆ ಪಾಲಿಕಾರ್ಬೊನೇಟ್ ಮೊಸರಿನ ಹಾಗೆ ಬೆಳ್ಳಗಾಗಿ ಕೂರುತ್ತದೆ, ಮತ್ತೆ ತಿಳಿಯಾಗುವುದಿಲ್ಲ. ಎನ್‌ಸಿ ತಿನ್ನರಿನಲ್ಲಿ ಟಾಲುಯೀನ್‌ನಂಥ ದ್ರಾವಕಗಳ ಬೆರಕೆ. ಅದರದ್ದು ಇನ್ನೂ ಕಪಟ. ಒರೆಸಿದಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕೆಲವು ದಿನ ಬಿಟ್ಟು ನೋಡಿದರೆ ಚಕ್ರದ ಕಮಾನಿನ ಸುತ್ತ, ಬಂಪರಿನ ಮೂಲೆಯಲ್ಲಿ ಜೇಡನ ಬಲೆಯಂಥ ಬಿರುಕು. ಹಾಳೆಯನ್ನು ಅಚ್ಚಿಗೆ ಎಳೆಯುವಾಗ ಮೂಲೆಗಳಲ್ಲಿ ಅದು ಹೆಚ್ಚು ಹಿಗ್ಗಿ, ತೆಳ್ಳಗಾಗಿ, ಒಳಗೊಳಗೇ ಬಿಗಿತ ಉಳಿಸಿಕೊಂಡಿರುತ್ತದೆ. ದ್ರಾವಕ ಆ ಬಿಗಿತ ಇರುವಲ್ಲೇ ಹುಡುಕಿಕೊಂಡು ಹೋಗಿ ಸಡಿಲಿಸುತ್ತದೆ. ಸುತ್ತಿಗೆಗೆ ಬಗ್ಗದ ಪ್ಲಾಸ್ಟಿಕ್ಕು ಹತ್ತಿಯ ಉಂಡೆಗೆ ಸೋಲುವುದು ಹೀಗೆ. ಕಿಟಕಿ ಒರೆಸುವ ಕೆಲವು ದ್ರವಗಳಲ್ಲಿನ ಅಮೋನಿಯಾ ಕೂಡ ಇದಕ್ಕೆ ಆಗಿಬರುವುದಿಲ್ಲ. ಗಾಜಿನಂತೆ ಕಾಣುತ್ತದೆ ಎಂದು ಗಾಜಿನಂತೆ ನಡೆಸಿಕೊಂಡರೆ ಮುಗಿಯಿತು.

ಆದ್ದರಿಂದ ನನ್ನ ಪಕ್ಷ ರಸಾಯನಕ್ಕಿಂತ ಮೊದಲು ಕೈಯದು. ಬಣ್ಣವೂ ಪ್ಲಾಸ್ಟಿಕ್ಕೂ ಹೆಚ್ಚುಕಡಿಮೆ ಒಂದೇ ದ್ರಾವಕಕ್ಕೆ ಕರಗುವ ಜಾತಿಯವು. ಒಂದನ್ನು ಕರಗಿಸಿ ಇನ್ನೊಂದನ್ನು ಉಳಿಸುವ ನೀರನ್ನು ಹುಡುಕುತ್ತಾ ಕೂರುವುದಕ್ಕಿಂತ, ಒಂದು ಸಡಿಲವಾಗಿ ಕೂತಿದೆ ಇನ್ನೊಂದು ಗಟ್ಟಿಯಾಗಿದೆ ಎಂಬುದನ್ನು ಬಳಸಿಕೊಳ್ಳುವುದು ಜಾಣತನ. ಮಾಸ್ಕಿಂಗ್ ಟೇಪಿನ ತುಂಡನ್ನು ತರಿಯ ಮೇಲೆ ಒತ್ತಿ, ಹೆಬ್ಬೆರಳಿನಿಂದ ತಿಕ್ಕಿ, ಚಟಕ್ಕನೆ ಎತ್ತುತ್ತೇನೆ. ಟೇಪಿನ ಅಂಟಿನ ಮೇಲೆ ಕೆಂಪು ಧೂಳು ರಂಗೋಲಿ ಪುಡಿಯ ಹಾಗೆ ಬಂದಿರುತ್ತದೆ. ಜಾಗ ಬದಲಿಸಿ ಮತ್ತೆ ಒತ್ತು, ಮತ್ತೆ ಎತ್ತು. ಬಾನೆಟ್ಟಿನ ಉಬ್ಬುಗಳಲ್ಲಿ, ಗ್ರಿಲ್ಲಿನ ಗೆರೆಗಳಲ್ಲಿ ಟೇಪು ಇಳಿಯದ ಕಡೆ ಬಿದಿರಿನ ಹಲ್ಲುಕಡ್ಡಿ. ಅದರ ಮೊನೆಯನ್ನು ಮೊದಲು ಕಚ್ಚಿ ಕುಂಚದ ಹಾಗೆ ಬಿಡಿಸಿಕೊಳ್ಳಬೇಕು, ಇಲ್ಲದಿದ್ದರೆ ಗೀರು ಬೀಳುತ್ತದೆ. ಏಟು ತಾಳುವುದರಲ್ಲಿ ಶೂರನಾದ ಪಾಲಿಕಾರ್ಬೊನೇಟ್ ಗೀರಿನ ವಿಷಯದಲ್ಲಿ ತೀರ ಹೇಡಿ. ಬ್ಲೇಡು, ಪಾತ್ರೆ ತಿಕ್ಕುವ ಸ್ಕ್ರಬ್ಬರು, ಒರಟು ಟವೆಲ್ ಹತ್ತಿರ ಸುಳಿಯಬಾರದು. ನಮ್ಮ ಮನೆಯಲ್ಲಿ ಅಪ್ಪನ ಕಾಲದ ಮಲ್ ಪಂಚೆಯ ಚೂರುಗಳು ಈ ಕೆಲಸಕ್ಕೆ ಮೀಸಲು. ಒಗೆದು ಒಗೆದು ಹಣ್ಣಾದ ಹತ್ತಿಗೆ ಸಮನಾದ ಬಟ್ಟೆಯನ್ನು ಯಾವ ಕಂಪನಿಯೂ ಮಾಡಿಲ್ಲ.

ಉಳಿದುದಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್. 2020ಕ್ಕೆ ಮುಂಚೆ ಇದನ್ನು ಕೇಳಿದರೆ ಮೆಡಿಕಲ್ ಶಾಪಿನವರು ಮೇಲೆ ಕೆಳಗೆ ನೋಡುತ್ತಿದ್ದರು. ಕೊರೊನಾ ಬಂದು ಹೋದ ಮೇಲೆ ಎಲ್ಲರ ಮನೆಯ ಕಪಾಟಿನಲ್ಲೂ ಅರ್ಧ ಖಾಲಿಯಾದ ಸ್ಯಾನಿಟೈಸರ್ ಬಾಟಲಿ ಕೂತಿದೆ. ಅಂಟಂಟು ಜೆಲ್ ಬೇಡ, ನೀರಿನಂಥದ್ದೇ ಆಗಬೇಕು. ಇದು ಪಾಲಿಕಾರ್ಬೊನೇಟನ್ನು ಮುಟ್ಟದು, ಬಣ್ಣವನ್ನೂ ಪೂರ್ತಿ ಕರಗಿಸದು, ಹಿಡಿತವನ್ನಷ್ಟೇ ಸಡಿಲ ಮಾಡುತ್ತದೆ. ಹತ್ತಿಕಡ್ಡಿಯನ್ನು ಅದ್ದಿ, ಬಾಟಲಿಯ ಬಾಯಿಗೆ ಒತ್ತಿ ಹಿಂಡಿ, ತೇವ ಮಾತ್ರ ಉಳಿಸಿಕೊಂಡು ತಿಕ್ಕಬೇಕು. ಹಿಂಡದೆ ಹೋದರೆ ಹನಿ ಇಳಿದು, ತೂತಿನಿಂದ ಒಳಗೆ ಜಾರಿ, ಉಳಿಯಬೇಕಾದ ಬಣ್ಣದ ಅಂಚನ್ನು ಎಬ್ಬಿಸುತ್ತದೆ. ಸ್ಟಿಕರಿನ ಅಂಟು ಬೆರೆತ ಕಲೆಯಾದರೆ ಸಿಗರೇಟ್ ಲೈಟರಿಗೆ ತುಂಬುವ ನಾಫ್ತಾ ಎರಡು ಹನಿ. ಬೆಂಕಿಯಿಂದ ದೂರ, ಕಿಟಕಿ ತೆರೆದಿಟ್ಟು. ಎಲ್ಲ ಮುಗಿದ ಮೇಲೆ ಮಂಕು ಉಳಿದಿದ್ದರೆ ಬಿಳಿ ಟೂತ್‌ಪೇಸ್ಟನ್ನು ಕಡಲೆಕಾಳಿನಷ್ಟು ಹಾಕಿ ವೃತ್ತಾಕಾರವಾಗಿ ಉಜ್ಜುವುದು. ಮಸಾಲೆಯದ್ದು, ಇದ್ದಿಲಿನದ್ದು, ಹರಳಿರುವುದು ಬೇಡ.

ಮಳೆಗಾಲದಲ್ಲಿ ಇನ್ನೊಂದು ಮೋಸ ಇದೆ. ಬಣ್ಣದ ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು ಬಿಳಿ ಮಬ್ಬು ಬರುತ್ತದೆ. ನೋಡುವುದಕ್ಕೆ ಓವರ್‌ಸ್ಪ್ರೇಯ ಹಾಗೆಯೇ. ಅದನ್ನು ಹೊರಗಿನಿಂದ ತಿಕ್ಕುತ್ತಾ ಕೂತವರನ್ನು ನಾನು ಬಲ್ಲೆ. ಜುಲೈ ತಿಂಗಳಲ್ಲಿ ಬಣ್ಣ ಹೊಡೆಯದಿರುವುದೇ ಅದಕ್ಕೆ ಮದ್ದು.

ಒಳಗಿನ ಕಲೆಯ ಬಗ್ಗೆ ಹೇಳದೆ ಮುಗಿಸುವ ಹಾಗಿಲ್ಲ. ಕಿಟಕಿಗಳಿಗೆ ಬಣ್ಣ ತಾಗಬಾರದೆಂದು ಒಳಗಿನಿಂದ ಮಾಸ್ಕ್ ಅಂಟಿಸಿರುತ್ತೇವಲ್ಲ, ಅದರ ಅಂಚನ್ನು ಸರಿಯಾಗಿ ಒತ್ತದಿದ್ದರೆ ಬಣ್ಣ ಅಡಿಗೆ ನುಸುಳಿ ಕಿಟಕಿಯ ಅಂಚಿಗೆ ಗರಗಸದ ಹಲ್ಲು ಬರುತ್ತದೆ. ಇದು ಹಸಿಯಾಗಿ ಬಂದ ಬಣ್ಣ, ಕಚ್ಚಿದ ಬಣ್ಣ. ಅದರ ಪಕ್ಕದಲ್ಲೇ, ಅದೇ ಡಬ್ಬಿಯಿಂದ ಬಂದ, ಉಳಿಸಿಕೊಳ್ಳಬೇಕಾದ ಬಣ್ಣ. ಎರಡಕ್ಕೂ ಮಧ್ಯೆ ಗಡಿ ಹಾಕಬೇಕು. ಹೊಸ ಬ್ಲೇಡಿನ ತುದಿಯನ್ನು ಬಣ್ಣದ ಮೇಲಷ್ಟೇ ಎಳೆದು, ಪ್ಲಾಸ್ಟಿಕ್ಕಿಗೆ ಇಳಿಯಲು ಬಿಡದೆ ಗೆರೆ ಕೊರೆದು, ಗೆರೆಯಿಂದಾಚೆಗಿನದನ್ನು ಆಲ್ಕೊಹಾಲಿನ ಕಡ್ಡಿಯಿಂದ ಮೆಲ್ಲಗೆ ಉರುಳಿಸಿ ತೆಗೆಯುವುದು. ಉಸಿರು ಬಿಗಿಹಿಡಿದು ಮಾಡುವ ಕೆಲಸ. ಆಗ ಯಾರಾದರೂ ಕರೆಗಂಟೆ ಒತ್ತಿದರೆ ಬಾಗಿಲು ತೆಗೆಯುವ ಮುಖ ನೋಡುವ ಹಾಗಿರುವುದಿಲ್ಲ. ಅಷ್ಟು ತಾಳ್ಮೆ ಇಲ್ಲದವರಿಗೆ ಸುಲಭದ ದಾರಿಯೂ ಇದೆ: ಕಿಟಕಿಯ ರಬ್ಬರ್ ಪಟ್ಟಿಯಂತೆ ಕಾಣುವ ಕಪ್ಪು ಸ್ಟಿಕರನ್ನು ಹೊರಗಿನಿಂದ ಅಂಟಿಸಿ ಹಲ್ಲುಗಳನ್ನು ಮುಚ್ಚಿಬಿಡುವುದು. ಎಷ್ಟೋ ಕಿಟ್ಟುಗಳ ಸ್ಟಿಕರ್ ಹಾಳೆಯಲ್ಲೇ ಅದು ಇರುತ್ತದೆ. ಶುದ್ಧ ಮಡಿಯವರು ಇದನ್ನು ಒಪ್ಪುವುದಿಲ್ಲ. ನನಗೆ ಅಭ್ಯಂತರವಿಲ್ಲ. ನಿಜವಾದ ಕಾರಿನಲ್ಲೂ ರಬ್ಬರ್ ಪಟ್ಟಿಯ ಹಿಂದೆ ಏನೇನು ಮುಚ್ಚಿದೆಯೋ ಯಾರು ಕಂಡವರು!

ಹೇಗೂ ಗುದ್ದಿಸುವ ಕಾರಿಗೆ ಇಷ್ಟೆಲ್ಲ ಯಾಕೆ ಎಂದು ಕೇಳುವವರು ನಮ್ಮ ಬಳಗದಲ್ಲೇ ಇದ್ದಾರೆ. ಭಾನುವಾರ ಬೆಳಿಗ್ಗೆ ಖಾಲಿ ಸೈಟಿನಲ್ಲಿ ಧೂಳೆಬ್ಬಿಸುವ ಅವರ ಕಾರುಗಳ ಮೇಲೆ ಓವರ್‌ಸ್ಪ್ರೇ ಇದೆಯೋ ಇಲ್ಲವೋ ಕೆಮ್ಮಣ್ಣು ತೊಳೆಯದ ಹೊರತು ಗೊತ್ತಾಗದು. ಇನ್ನೊಂದು ಗುಂಪು ಕಾರನ್ನು ಶೋಕೇಸಿನಿಂದ ಇಳಿಸುವುದೇ ಇಲ್ಲ. ನಾನು ಎರಡೂ ಕಡೆ ಸಲ್ಲದವನು. ಓಡಿಸುವುದು ಬೇಕು, ಹೊರಡುವ ಮುಂಚೆ ಮುಂಗಾಜು ತಿಳಿಯಾಗಿರುವುದೂ ಬೇಕು. ಮದುಮಗನ ಪಂಚೆಗೆ ಅರಿಶಿನ ಬೀಳುವುದು ಗೊತ್ತಿದ್ದೂ ಇಸ್ತ್ರಿ ಮಾಡಿಸುವುದಿಲ್ಲವೇ?

ಬಾಡಿ ಕತ್ತರಿಸುವಾಗ ಉಳಿಯುವ ಅಂಚುಪಟ್ಟಿಗಳನ್ನು ನಾನು ಎಸೆಯುವುದಿಲ್ಲ. ಅದೇ ಪ್ಲಾಸ್ಟಿಕ್ಕು, ಅದೇ ಬಣ್ಣ ಮೆತ್ತಿದ್ದು. ಯಾವ ಹೊಸ ದ್ರವ ಸಿಕ್ಕರೂ ಮೊದಲು ಅದರ ಮೇಲೆ ಪ್ರಯೋಗ. ಪಟ್ಟಿಯನ್ನು ಬಗ್ಗಿಸಿ ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಸಿಕ್ಕಿಸಿ, ಬಾಗಿದ ಬೆನ್ನಿಗೆ ಒಂದು ತೊಟ್ಟು ಹಚ್ಚಿ, ಮಾರನೆಯ ದಿನ ನೋಡುವುದು. ಬಿರುಕು ಬಿಡುವುದಿದ್ದರೆ ಆ ಬಾಗಿನಲ್ಲೇ ಬಿಡುತ್ತದೆ. ಹೀಗೆ ಪಾಸಾದವು, ಫೇಲಾದವು ಎಂದು ಚೀಟಿ ಅಂಟಿಸಿದ ಪಟ್ಟಿಗಳು ಒಂದು ಬಿಸ್ಕತ್ ಡಬ್ಬಿಯ ತುಂಬ ಇವೆ. ಅದರ ಖ್ಯಾತಿ ನಮ್ಮ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯವರೆಗೆ ಹಬ್ಬಿದೆ. ದೀಪಾವಳಿಗೆ ಮುಂಚೆ ಅಲ್ಲಿನ ಒಬ್ಬರು ಹೆಲ್ಮೆಟ್ ಹಿಡಿದುಕೊಂಡು ಬಂದರು. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಸೀಲಿಂಗಿನಿಂದ ಬಿಳಿ ಹನಿಗಳು ಹೆಲ್ಮೆಟ್ಟಿನ ಮುಂಗವಚದ ಮೇಲೆ ಬಿದ್ದಿದ್ದವು. ಅದೂ ಪಾಲಿಕಾರ್ಬೊನೇಟೇ, ಕಾರು ಬೈಕುಗಳ ಹೆಡ್‌ಲೈಟಿನ ಹೊದಿಕೆಯ ಹಾಗೆ. ಪೇಂಟರ್ ತಿನ್ನರಿನಲ್ಲಿ ಒರೆಸಿಕೊಡುತ್ತೇನೆ ಎಂದನಂತೆ, ಹೆಂಡತಿ ನನ್ನ ಹತ್ತಿರ ಕಳಿಸಿದರಂತೆ. ಸಾಲಾಗಿ ಜೋಡಿಸಿದ ನನ್ನ ಬಾಟಲಿಗಳನ್ನು ಅವರು ಭಕ್ತಿಯಿಂದ ನೋಡುತ್ತಿದ್ದರು.

‘ಯಾವ ಪೇಂಟು?’ ಎಂದೆ.

‘ಎಮಲ್ಷನ್.’

‘ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ಸೋಪು ಎರಡು ಹನಿ ಹಾಕಿ ಅರ್ಧ ಗಂಟೆ ನೆನೆಹಾಕಿ. ಆಮೇಲೆ ಹೆಬ್ಬೆರಳಲ್ಲಿ ತಿಕ್ಕಿ.’

‘ಅಷ್ಟೇನಾ?’

‘ಅಷ್ಟೇ.’

ಅವರ ಮುಖ ಸಪ್ಪಗಾಯಿತು. ಬಾಟಲಿಗಳ ಕಡೆ ಮತ್ತೊಮ್ಮೆ ನೋಡಿ, ‘ಇದರಲ್ಲಿ ಯಾವುದಾದರೂ ಒಂದು ಸ್ವಲ್ಪ ಕೊಟ್ಟಿದ್ದರೆ...’ ಎಂದರು. ಸಮಾಧಾನಕ್ಕೆಂದು ಆಲ್ಕೊಹಾಲನ್ನು ಒಂದು ಪುಟ್ಟ ಶೀಷೆಯಲ್ಲಿ ಹಾಕಿಕೊಟ್ಟೆ. ಹನಿಗಳು ಬಿಸಿನೀರಿಗೇ ಹೋದವೆಂದು ಅವರ ಹೆಂಡತಿ ಹೇಳಿದರು. ಅವರು ಮಾತ್ರ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಶೀಷೆಯ ಮಹಿಮೆಯನ್ನೇ ಹೇಳುತ್ತಿದ್ದಾರೆ.